ಪೆಪ್ಪರ್‌ಮೆಂಟು ಕಾರ್ಖಾನೆಯ ಕುಳ್ಳನಿಗೆ ಹೊಲಸು ಬಿಡಿಸಿದ್ದು

1956ನೇ ಇಸವಿ ಜೂನ್ 11, ಸೋಮವಾರ, ಬೆಳಿಗ್ಗೆ ಏಳೂಮುಕ್ಕಾಲು. ರಾಜಾಜಿನಗರದ ನಮ್ಮ ಪೆಪ್ಪರ್‌ಮೆಂಟು ಕಾರ್ಖಾನೆಯ ಅಂಗಳದಲ್ಲಿ ಮೂರು ತಿಂಗಳ ನಾಯಿಮರಿಯೊಂದು ಎರಡಕ್ಕೆ ಕೂತು, ಎದ್ದು, ಹಿಂದೆ ತಿರುಗಿ, ತಾನು ಮಾಡಿದ್ದನ್ನು ತಾನೇ ತಿಂದುಬಿಟ್ಟಿತು. ಅದು ಹಾಗೆ ತಿಂದದ್ದು ಅದೇ ಮೊದಲಲ್ಲ. ಆದರೆ ಚಿಕ್ಕಪೇಟೆಯಿಂದ ಸರಕು ನೋಡಲು ಬಂದಿದ್ದ ಸಗಟು ವ್ಯಾಪಾರಿಯೊಬ್ಬರ ಕಣ್ಣೆದುರಿಗೆ ತಿಂದದ್ದು, ತಿಂದ ಬಾಯಲ್ಲೇ ಓಡಿಹೋಗಿ ಅವರ ಕೈ ನೆಕ್ಕಿದ್ದು ಮಾತ್ರ ಅದೇ ಮೊದಲು.

ವ್ಯಾಪಾರಿ ನಲ್ಲಿಯ ಕೆಳಗೆ ಮೂರು ಸಲ ಸೋಪು ಹಚ್ಚಿ ಕೈ ತೊಳೆದರು. "ಆರ್ಡರ್ ವಿಷಯ ಮುಂದಿನ ತಿಂಗಳು ನೋಡೋಣ" ಎಂದು ಹೇಳಿ, ಕೊಟ್ಟ ಕಾಫಿಯನ್ನೂ ಮುಟ್ಟದೆ ಹೊರಟುಹೋದರು. ಎಂಟು ಗಂಟೆಗೆ ಮಾಲೀಕರು ಇಬ್ಬರನ್ನು ಆಫೀಸಿಗೆ ಕರೆಸಿದರು. ಒಬ್ಬರು ಕಾರ್ಖಾನೆಯ ಕಾವಲುಗಾರ, ನಾವೆಲ್ಲ ತಾತ ಎಂದು ಕರೆಯುತ್ತಿದ್ದ ಮುದುಕರು. ಇನ್ನೊಬ್ಬ ನಾನು, ಅಲ್ಲಿನ ಟೈಂ ಕೀಪರ್.

"ಇದು ಜನ ಬಾಯಿಗೆ ಹಾಕ್ಕೊಳ್ಳೋ ಸಾಮಾನು ಮಾಡೋ ಜಾಗ" ಎಂದರು ಮಾಲೀಕರು. "ಈ ತಿಂಗಳ ಕೊನೇ ಶನಿವಾರದ ತನಕ ನೋಡ್ತೀನಿ. ಅಷ್ಟರಲ್ಲಿ ಈ ಚಾಳಿ ಬಿಡದಿದ್ರೆ ನಾಯಿ ಊರಿಗೆ. ಅದರ ಹಿಂದೇನೇ ತಾತನೂ ಊರಿಗೆ."

ತಾತನ ಮಾತು ಯಾಕೆ ಬಂತೆಂದರೆ, ಯುಗಾದಿಯಾದ ಸ್ವಲ್ಪ ದಿನಕ್ಕೆ ನಮ್ಮ ಉಗ್ರಾಣದಿಂದ ಎರಡು ಮೂಟೆ ಸಕ್ಕರೆ ಕಳುವಾಗಿತ್ತು. ತಾತನ ಕಣ್ಣಿಗೆ ಪೊರೆ ಬರುತ್ತಿತ್ತು. ಕಣ್ಣು ಚೆನ್ನಾಗಿರುವ ಬೇರೆ ಆಳನ್ನು ಇಡುತ್ತೇನೆಂದು ಮಾಲೀಕರು ಆಗಲೇ ಹೇಳಿದ್ದರು. ತಾತ ಕೈಮುಗಿದು, ಒಂದು ನಾಯಿ ಇದ್ದರೆ ತನ್ನ ಕಣ್ಣಿನ ಕೊರತೆ ತುಂಬುತ್ತದೆಂದು ಒಪ್ಪಿಸಿ, ಕೆಂಗೇರಿಯ ಆಚೆಯ ತಮ್ಮ ಊರಿನಿಂದ ಈ ಮರಿಯನ್ನು ಹೆಗಲ ಮೇಲಿನ ಟವಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಕಾಲು ಗಿಡ್ಡ, ಮೈ ಉದ್ದ. ಕುಳ್ಳ ಎಂದು ಹೆಸರಾಯಿತು. ಹೀಗೆ ತಾತನ ಕೆಲಸ ಕುಳ್ಳನ ಬಾಲಕ್ಕೆ ಗಂಟುಬಿದ್ದಿತ್ತು.

"ನೀನು ಹೇಗೂ ಎಲ್ಲಾನೂ ಬರೆದಿಡೋನು ಕಣಯ್ಯ" ಎಂದು ಮಾಲೀಕರು ನನ್ನ ಕಡೆ ತಿರುಗಿದರು. "ಎಂಟೂವರೆಗೆ ಹಾಜರಿ ಮುಗಿದರೆ ಹನ್ನೆರಡರ ತನಕ ನಿನಗೇನು ಕೆಲಸ? ಈ ನಾಯಿ ನಿನ್ನ ಜವಾಬ್ದಾರಿ."

ಹೊರಗೆ ಬಂದ ಮೇಲೆ ತಾತ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. "ಊರಲ್ಲಿ ನಂಗೇನ್ ಕೆಲಸ ಐತೆ ಸ್ವಾಮಿ? ಮಾಡಾಕೆ ಏನೂ ಇಲ್ದೆ ಸುಮ್ಕೆ ಕುಂತ್ರೆ, ನಾನೂ ಈ ಮರಿ ಹಂಗೆ ಏನಾರ ತಿನ್ನಾಕೆ ಸುರು ಮಾಡ್ತೀನಿ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಮೊದಲನೆಯ ಚಿಕಿತ್ಸೆ ತಾತನದೇ. ಅದು ಕುಳ್ಳ ಬಂದಾಗಿನಿಂದಲೂ ನಡೆಯುತ್ತಿತ್ತು, ಈಗ ಜೋರಾಯಿತು. ಮರಿ ಕೂತ ತಕ್ಷಣ "ಹಚಾ!" ಎಂದು ಕೂಗುತ್ತ ಓಡುವುದು, ಕತ್ತು ಹಿಡಿದು ಅದರ ಮೂತಿಯನ್ನು ಆ ಹೊಲಸಿಗೇ ಉಜ್ಜುವುದು, ಬೆನ್ನಿಗೆ ಒಂದು ಏಟು. ಅವರ ಊರಿನಲ್ಲಿ ನಾಯಿಗಳನ್ನು ತಲೆಮಾರುಗಳಿಂದ ಹೀಗೇ ಪಳಗಿಸುತ್ತಾರಂತೆ. ತಾತ ಓಡಿದರೆ ಪೊಟ್ಟಣ ಕಟ್ಟುವ ಹೆಂಗಸರು ಸುಮ್ಮನಿರುತ್ತಿರಲಿಲ್ಲ. ಅಂಗಳಕ್ಕೆ ತೆರೆದ ಉದ್ದನೆಯ ಹಜಾರದಲ್ಲಿ ಕೂತು ಮೇಣದ ಕಾಗದದಲ್ಲಿ ಪೆಪ್ಪರ್‌ಮೆಂಟು ಸುತ್ತುತ್ತಿದ್ದ ಅಷ್ಟೂ ಜನ ಒಕ್ಕೊರಲಿನಲ್ಲಿ "ತಿಂತು, ತಿಂತು! ಓಡು ತಾತ!" ಎಂದು ಕಿರುಚುತ್ತಿದ್ದರು. ಕುಸ್ತಿಯ ಅಖಾಡದಲ್ಲೂ ಅಂಥ ಗದ್ದಲ ಇರಲಾರದು.

ನಾಲ್ಕು ದಿನ ನಾನು ನೋಡಿ ಗುರುತು ಹಾಕಿಕೊಂಡೆ. ಫಲ ಏನೆಂದರೆ, ಕುಳ್ಳ ತಿನ್ನುವ ವೇಗ ಹೆಚ್ಚಿತು. ಮೊದಲು ಮೂಸಿ ನೋಡಿ ತಿನ್ನುತ್ತಿದ್ದದ್ದು ಈಗ ಮೂಸುವ ಶಾಸ್ತ್ರವನ್ನೇ ಬಿಟ್ಟಿತು. ಐದನೆಯ ದಿನ ಪಾಕದ ಒಲೆಗೆಂದು ಒಟ್ಟಿದ್ದ ಸೌದೆಯ ಹಿಂದೆ ಹೋಗಿ ಕೆಲಸ ಮುಗಿಸಿ, ಬಾಯಿ ಚಪ್ಪರಿಸುತ್ತ ಈಚೆಗೆ ಬಂತು.

ಎರಡನೆಯ ಉಪಾಯ ನನ್ನದು. ನಮ್ಮ ಕಾರ್ಖಾನೆಯಲ್ಲಿ ಸಕ್ಕರೆ ಪಾಕಕ್ಕೆ ಹಾಕುವ ಪುದೀನದ ಎಣ್ಣೆ ಇತ್ತು. ಸೀಸೆಯ ಬಿರಡೆ ತೆಗೆದರೆ ಸಾಕು, ಹೊಸಬರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೂಗು ಸೂಕ್ಷ್ಮವಿರುವ ಪ್ರಾಣಿ ಅದರ ಹತ್ತಿರವೂ ಸುಳಿಯಲಾರದೆಂದು ನನ್ನ ಲೆಕ್ಕಾಚಾರ. ಶನಿವಾರ ಬೆಳಿಗ್ಗೆ ಕುಳ್ಳ ಸೌದೆಯ ಹಿಂದೆ ಕೂತದ್ದನ್ನು ಕಂಡು, ತಾತ ಅದನ್ನು ಎತ್ತಿ ಹಿಡಿದಿರುವಾಗ, ಬಿಸಿಬಿಸಿಯಾದ ಗುಡ್ಡೆಯ ಮೇಲೆ ಆರು ಹನಿ ಬಿಟ್ಟು ದೂರ ನಿಂತೆ. ತಾತ ಮರಿಯನ್ನು ಕೆಳಗಿಳಿಸಿದರು. ಅದು ಒಂದು ಸಲ ಸೀನಿತು. ಬಾಲ ಅಲ್ಲಾಡಿಸಿತು. ಆಮೇಲೆ ಅದುವರೆಗೆ ತೋರಿಸದಿದ್ದ ಪ್ರೀತಿಯಿಂದ ಪೂರ್ತಿ ತಿಂದು, ನೆಲವನ್ನೂ ನೆಕ್ಕಿತು.

ಹೆಂಗಸರ ಮೇಲ್ವಿಚಾರಣೆಗೆ ಒಬ್ಬಾಕೆ ಇದ್ದರು, ನಲವತ್ತು ದಾಟಿದವರು, ಎಲ್ಲರಿಗೂ ಮೇಸ್ತ್ರಿಯಕ್ಕ. ಆಕೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಅಲ್ಲ ತಮ್ಮಯ್ಯ, ಆ ಮರಿ ಇಲ್ಲಿಗೆ ಬಂದಾಗಿಂದ ನಮ್ ಕೈಯಾಗೆ ಒಡೆದ ಪೆಪ್ಪರ್‌ಮೆಂಟು ತಿಂದ್ಕಂಡು ಬೆಳೆದೈತೆ. ಅದಕ್ಕೆ ಆ ವಾಸ್ನೆ ಅಂದ್ರೆ ಹಬ್ಬ. ನೀನು ಹೋಗಿ ಹೋಗಿ ಅದರ ಊಟಕ್ಕೆ ಒಗ್ಗರಣೆ ಹಾಕ್ ಕೊಟ್ಯಲ್ಲೋ!"

ಸಂಜೆ ಮಾಲೀಕರು ಮನೆಗೆ ಹೊರಟಾಗ ಕುಳ್ಳ ಅವರ ಕಾಲ ಬಳಿ ಹೋಯಿತು. ಅವರು ಹುಷಾರಾಗಿ ಬಗ್ಗಿ ಮೂಸಿದರು. "ಪರವಾಗಿಲ್ವೇ! ಬಾಯಿ ಘಮಘಮ ಅಂತಿದೆ. ಗುಣ ಕಾಣ್ತಿದೆ ಅನ್ನಿ" ಎಂದು ಖುಷಿಯಿಂದ ಅದರ ಮೂತಿಯನ್ನು ಸವರಿದರು. ತಾತ, ಮೇಸ್ತ್ರಿಯಕ್ಕ, ನಾನು ಮೂವರೂ ನೆಲ ನೋಡುತ್ತ ನಿಂತಿದ್ದೆವು.

ಮನೆಮದ್ದಿಗೆ ಅಲ್ಲಿಗೆ ತೆರೆ ಎಳೆದು, 18ನೇ ತಾರೀಕು ಸೋಮವಾರ ಪಶು ಆಸ್ಪತ್ರೆಗೆ ಹೊರಟೆ. ಮಲವನ್ನು ಪರೀಕ್ಷೆಗೆ ತರಬೇಕೆಂದು ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದೆ. ಕುಳ್ಳನಿಗಿಂತ ಮುಂಚೆ ಅದನ್ನು ಸಂಪಾದಿಸುವುದೇ ಒಂದು ಸಾಹಸವಾಯಿತು. ತಗಡಿನ ಡಬ್ಬಿ ಬೇಕಿತ್ತು. ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಬಗೆಯ ಡಬ್ಬಿ: ಮುಚ್ಚಳದ ಮೇಲೆ ಕೆಂಪು ಬಿಳಿ ಪಟ್ಟೆಯ, ನಮ್ಮದೇ ಪೆಪ್ಪರ್‌ಮೆಂಟಿನ ಡಬ್ಬಿ. ಅದರಲ್ಲಿ ಹಾಕಿ, ಎಡಗೈಯಲ್ಲಿ ಮರಿಯನ್ನು ಅವಚಿಕೊಂಡು, ಕಂಡಕ್ಟರನ್ನು ಬೇಡಿಕೊಂಡು ಬಸ್ಸು ಹತ್ತಿದೆ.

ಪಕ್ಕದಲ್ಲಿ ಕೂತಿದ್ದ ದಪ್ಪ ಮೀಸೆಯವರು ಡಬ್ಬಿಯನ್ನೇ ನೋಡುತ್ತಿದ್ದರು. "ರಾಜಾಜಿನಗರದ್ದಾ ಸ್ವಾಮಿ? ನಮ್ಮ ಮನೇಲಿ ಮಕ್ಕಳಿಗೆ ಇದೇ ಆಗಬೇಕು. ಒಂದು ಕೊಡ್ರೀ, ನೋಡೋಣ."

"ಇದು... ಸ್ಯಾಂಪಲ್ಲು ಸಾರ್."

"ಸ್ಯಾಂಪಲ್ ಇರೋದೇ ರುಚಿ ನೋಡೋಕ್ಕಲ್ವೇ?"

ಆ ಸ್ಯಾಂಪಲ್ ಕೊಟ್ಟವನು ನನ್ನ ತೊಡೆಯ ಮೇಲೆ ಕೂತು ಡಬ್ಬಿಯ ಕಡೆ ಮೂಗು ಚಾಚುತ್ತಿದ್ದ. ಇಬ್ಬರಲ್ಲಿ ಯಾರಿಗೆ ಮೊದಲು ಸಿಗುತ್ತದೋ ಎಂದು ಹೆದರಿ ನಾನು ಎರಡು ಸ್ಟಾಪು ಮೊದಲೇ ಇಳಿದು ನಡೆದೆ.

ಆಸ್ಪತ್ರೆಯ ವೈದ್ಯರು ಡಬ್ಬಿಯನ್ನು ನೋಡಿ ಒಂದು ಸಲ ನನ್ನ ಮುಖ ನೋಡಿದರು. ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕುಳ್ಳನ ಹೊಟ್ಟೆ ಅಮುಕಿ, ತುಟಿ ಮಡಿಸಿ ಒಸಡು ನೋಡಿದರು.

"ಜಂತುಹುಳ ತುಂಬಿಹೋಗಿದೆ ಕಣ್ರೀ. ದಿನಕ್ಕೆ ಎಷ್ಟು ಸಲ ಊಟ ಹಾಕ್ತೀರಿ?"

"ಒಂದು ಸಲ ಸಾರ್, ಸಂಜೆ. ಹೊಟ್ಟೆ ತುಂಬಿದ ನಾಯಿ ಕಾವಲು ಕಾಯಲ್ಲ ಅಂತಾರೆ."

"ನೀವು ಎಷ್ಟು ಸಲ ತಿಂತೀರಿ?"

"ಮೂರು ಸಲ."

"ಹಾಗಾದ್ರೆ ಇದಕ್ಕೆ ನಾಲ್ಕು ಸಲ ಹಾಕಿ. ಬೆಳೆಯೋ ಮರಿ ಇದು. ತಿಂದದ್ದರಲ್ಲಿ ಪಾಲು ಹುಳಕ್ಕೆ ಹೋಗುತ್ತೆ, ಉಳಿದದ್ದು ಇದಕ್ಕೆ ಸಾಲಲ್ಲ. ಅರೆಬರೆ ಜೀರ್ಣವಾಗಿ ಆಚೆ ಬಂದದ್ದು ಇದರ ಮೂಗಿಗೆ ಇನ್ನೂ ಊಟದ ಹಾಗೇ ಇರುತ್ತೆ." ಔಷಧಿ ಬರೆದುಕೊಟ್ಟು ಮತ್ತೆ ಹೇಳಿದರು: "ಹುಳ ನಾನು ತೆಗೀತೀನಿ. ಅಭ್ಯಾಸ ಆಗಿದ್ದರೆ ಅದನ್ನ ತೆಗೆಯೋ ಔಷಧಿ ನನ್ನ ಹತ್ತಿರ ಇಲ್ಲ. ಅದು ನಿಮ್ಮ ಕೆಲಸ."

ಔಷಧಿ ಕೊಟ್ಟ ಮಾರನೆಯ ದಿನ ಹುಳಗಳು ಬಿದ್ದವು. ಬೇಯಿಸಿದ ಶಾವಿಗೆಯ ಹಾಗಿದ್ದವು. ನೋಡಿದ ಹೆಂಗಸರಲ್ಲಿ ಇಬ್ಬರು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಆ ದಿನದ್ದನ್ನು ತಾತ ಕೂಡಲೇ ಸುಟ್ಟುಹಾಕಿದರು. ಊಟದ ಕ್ರಮ ಬದಲಾಯಿತು: ಬೆಳಿಗ್ಗೆ ಹಾಲು ಬೆರೆಸಿದ ರಾಗಿ ಗಂಜಿ, ಹನ್ನೊಂದಕ್ಕೆ ಮುದ್ದೆಯ ಚೂರು ಮಜ್ಜಿಗೆ, ಮೂರಕ್ಕೆ ಅನ್ನ, ಸಂಜೆ ತಾತ ತಮ್ಮ ಒಲೆಯ ಮೇಲೆ ಬೇಯಿಸುತ್ತಿದ್ದ ಮೂಳೆಯ ಸಾರಿನಲ್ಲಿ ಕಲಸಿದ ಮುದ್ದೆ. ಪೆಪ್ಪರ್‌ಮೆಂಟು ಪೂರ್ತಿ ಬಂದ್. ಮೂರು ದಿನದಲ್ಲಿ ಕುಳ್ಳನ ಪಕ್ಕೆಲುಬುಗಳು ಮರೆಯಾಗತೊಡಗಿದವು. ಮಲ ತಿನ್ನುವುದೂ ಕಡಿಮೆಯಾಯಿತು. ಆದರೆ ನಿಲ್ಲಲಿಲ್ಲ. ಒಂದು ಸಲ ಬಿಡುತ್ತಿತ್ತು, ಒಂದು ಸಲ ನುಂಗುತ್ತಿತ್ತು. ಯಾವಾಗ ಬಿಡುತ್ತದೆ, ಯಾವಾಗ ನುಂಗುತ್ತದೆ ಎಂಬುದಕ್ಕೆ ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ತಾತ ನೆಂಟರ ಮದುವೆಗೆಂದು ಶುಕ್ರವಾರ, ಶನಿವಾರ ರಜೆ ಹಾಕಿ ಊರಿಗೆ ಹೋದರು. ಮೈಸೂರಿಗೆ ಕಳಿಸಬೇಕಾದ ಸರಕಿನ ಆತುರದಲ್ಲಿ ಆ ಎರಡು ದಿನ ಹೆಂಗಸರೂ ತಲೆ ಎತ್ತಲಿಲ್ಲ. ಕುಳ್ಳನ ಕಡೆ ನೋಡುತ್ತಿದ್ದವನು ನಾನೊಬ್ಬನೇ, ಅದೂ ಆಫೀಸಿನ ಕಿಟಕಿಯಿಂದ. ಕುಳ್ಳ ಹೊಂಗೆ ಮರದ ಕೆಳಗೆ ಕೂತ, ಎದ್ದ, ಒಂದು ಸಲ ಮೂಸಿದ, ಎರಡು ಕಾಲಿನಿಂದ ಮಣ್ಣು ಕೆರೆದು ಚಿಟ್ಟೆಯ ಹಿಂದೆ ಓಡಿದ. ಎರಡು ದಿನವೂ ಹಾಗೇ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಔಷಧಿ ಕೊನೆಗೂ ಹತ್ತಿತು ಎಂದುಕೊಂಡೆ.

ಸೋಮವಾರ, 25ನೇ ತಾರೀಕು, ತಾತ ಮದುವೆಯ ಹೂರಣದ ಹೋಳಿಗೆ ಕಟ್ಟಿಕೊಂಡು ಬಂದರು. ನಾನು ಶುಭವಾರ್ತೆ ಹೇಳುತ್ತಿರುವಾಗಲೇ ಕುಳ್ಳ ಮರದ ಕೆಳಗೆ ಕೂತ. ತಾತನಿಗೆ ಅಭ್ಯಾಸಬಲ. "ಹಚಾ!" ಎಂದು ಒಂದು ಹೆಜ್ಜೆ ಮುಂದಿಟ್ಟರು. ಹಜಾರದಿಂದ "ಓಡು ತಾತ!" ಎಂದು ಕೂಗು ಬಂತು. ಕುಳ್ಳ ಕತ್ತು ತಿರುಗಿಸಿ ತಾತನನ್ನು ನೋಡಿದ. ಕಿವಿ ತಲೆಗೆ ಅಂಟಿಕೊಂಡಿತು. ಎರಡೇ ಗುಟುಕಿನಲ್ಲಿ ಎಲ್ಲವನ್ನೂ ನುಂಗಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ.

ಮೊದಲು ತಾತನ ಕಡೆ ನೋಡಿದ್ದು, ಆಮೇಲೆ ತಿಂದದ್ದು. ಎರಡು ವಾರದಿಂದ ನಾನು ಕುಳ್ಳನ ಬಾಯಿಯನ್ನೇ ನೋಡುತ್ತಿದ್ದೆ, ಕಣ್ಣನ್ನು ನೋಡಿರಲಿಲ್ಲ. ಹಸಿವಿನಿಂದ ಶುರುವಾದದ್ದನ್ನು ನಾವೆಲ್ಲ ಸೇರಿ ಓಟದ ಪಂದ್ಯ ಮಾಡಿದ್ದೆವು. ಯಾವ ಪದಾರ್ಥ ಕಂಡರೆ ಯಜಮಾನ ಬಡಿಯುತ್ತಾನೋ, ಯಾವುದಕ್ಕಾಗಿ ಇಡೀ ಕಾರ್ಖಾನೆ ಕೂಗುತ್ತ ಓಡಿಬರುತ್ತದೋ, ಅದು ನೆಲದ ಮೇಲೆ ಉಳಿಯಬಾರದು ಎಂದು ಮರಿ ಕಲಿತಿತ್ತು.

ಇದನ್ನು ತಾತನಿಗೆ ಹೇಳುವುದು ನನಗೆ ಕಷ್ಟವಾಯಿತು. ಬಾವಿಕಟ್ಟೆಯ ಮೇಲೆ ಕೂರಿಸಿ, ಸುತ್ತಿ ಬಳಸಿ ಹೇಳಿದೆ.

"ಅಂದ್ರೆ ನನ್ ಕಂಡ್ರೆ ತಿಂತದೆ ಅಂತೀರಾ?"

"ನೀವು ಹೊಡೀತೀರ ಅಂತ ತಾತ. ಗುರುತು ಇಲ್ಲದ ಹಾಗೆ ಮಾಡಿಬಿಡುತ್ತೆ."

"ಕಳ್ಳ ಮಾಲು ಅಡಗಿಸ್ದಂಗೆ" ಎಂದರು ತಾತ. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಸಕ್ರೆ ಕದ್ದೋರು ನಂಗೆ ಹೆದರ್ಲಿಲ್ಲ ಸ್ವಾಮಿ. ಟವಲ್ನಾಗೆ ಸುತ್ಕಂಡು ಎದೆ ಮೇಲೆ ಮಲಗಿಸ್ಕಂಡು ತಂದ ಮರಿ ಹೆದರ್ತದೆ. ಒಳ್ಳೆ ಕಾವಲುಗಾರ ನಾನು."

ಹೋಳಿಗೆಯನ್ನು ಅರ್ಧ ಮುರಿದು ಕೊಟ್ಟೆ. ಅವರು ತಿಂದರು.

ಅಂದೇ ತೀರ್ಮಾನ ಮಾಡಿದೆವು. ಇನ್ನು ಕೂಗು ಇಲ್ಲ, ಏಟು ಇಲ್ಲ, ಓಟ ಇಲ್ಲ. ಪ್ರತಿ ಊಟದ ನಂತರ ಮತ್ತು ನಿದ್ದೆಯಿಂದೆದ್ದ ಕೂಡಲೇ ಕುಳ್ಳನನ್ನು ಉದ್ದನೆಯ ಹಗ್ಗದಲ್ಲಿ ಹೊಂಗೆ ಮರದ ಕೆಳಗೆ ಕರೆದೊಯ್ಯುವುದು. ಅವನು ಕೂತಾಗ ಯಾರೂ ಉಸಿರೆತ್ತಬಾರದು. ಎದ್ದ ಕ್ಷಣದಲ್ಲಿ ಮಾಮೂಲಿ ದನಿಯಲ್ಲಿ "ಕುಳ್ಳಾ, ಬಾ" ಎಂದು ಕರೆದು ಬೇಯಿಸಿದ ಮಾಂಸದ ಒಂದು ಚೂರು ಕೊಡುವುದು. ಅವನನ್ನು ಆಚೆ ಕರೆದುಕೊಂಡು ಹೋದಮೇಲೆ, ಅವನ ಕಣ್ಣಿಗೆ ಬೀಳದಂತೆ, ಬೂದಿ ಹಾಕಿ ಮಂಕರಿಗೆ ಎತ್ತುವುದು. ಕರೆಯುವವರು ತಾತನೇ ಆಗಬೇಕೆಂದು ನಾನು ಪಟ್ಟು ಹಿಡಿದೆ. ನಾನು ಕರೆದರೆ ನಾನಿದ್ದಾಗ ಮಾತ್ರ ಬಿಟ್ಟಾನು. ಕುಳ್ಳ ಇರಬೇಕಾದದ್ದು ತಾತನ ಜೊತೆ.

ಹೆಂಗಸರನ್ನು ಸುಮ್ಮನಿರಿಸುವ ಹೊಣೆ ಮೇಸ್ತ್ರಿಯಕ್ಕನದು. "ನಾಯಿ ಕೂತಾಗ ಬಾಯ್ ಬಿಟ್ಟೋಳು ಅವತ್ತು ಎಲ್ಲರಿಗೂ ನೀರು ಸೇದ್ಬೇಕು ಕಣ್ರೇ" ಎಂದು ಆಕೆ ಆಜ್ಞೆ ಹೊರಡಿಸಿದರು. ಹತ್ತು ನಿಮಿಷದೊಳಗೆ "ಅಯ್ಯೋ, ಕೂತ್ಕಂತು!" ಎಂದು ಮೊದಲು ಕೂಗಿದವರು ಆಕೆಯೇ. ಪಾಪ, ಅಂದು ಹದಿನಾರು ಬಿಂದಿಗೆ ಸೇದಿದರು.

ಮಂಗಳವಾರ ಕೆಲಸ ಕೆಟ್ಟಿತು. ತಾತ ಎಷ್ಟೇ ಮೆಲ್ಲಗೆ ಕರೆದರೂ, ಅವರು ಎದುರಿಗೆ ನಿಂತಿರುವುದನ್ನು ಕಂಡೇ ಕುಳ್ಳ ಗಾಬರಿಯಿಂದ ನುಂಗಿಬಿಟ್ಟ. ನಾನು ಹಗ್ಗ ಎಳೆದೆ. ಎಳೆದಷ್ಟೂ ಅವನು ಆ ಕಡೆಗೇ ಜಗ್ಗಿದ. ನಾಲ್ಕರಲ್ಲಿ ಮೂರು ಸಲ ಸೋಲು. ಬುಧವಾರ ಬೆಳಿಗ್ಗೆ ಹಗ್ಗವನ್ನು ಸಡಿಲ ಬಿಟ್ಟೆ. ತಾತನನ್ನು ನಿಲ್ಲಿಸದೆ, ಇಪ್ಪತ್ತು ಅಡಿ ದೂರದಲ್ಲಿ ನೆಲದ ಮೇಲೆ, ಮರಕ್ಕೆ ಬೆನ್ನು ಹಾಕಿ ಕೂರಿಸಿದೆ. ಮಾಂಸದ ಚೂರು ಹಿಡಿದ ಕೈಯನ್ನು ಅವರು ಬೆನ್ನ ಹಿಂದೆ ಚಾಚಿದರು.

"ಏನ್ ಸ್ವಾಮಿ, ಮಾಡ್ದಾ? ತಿಂದ್ನಾ? ನಂಗೇನೂ ಕಾಣಾಕಿಲ್ಲ" ಎಂದು ಪಿಸುಗುಟ್ಟಿದರು.

"ಸುಮ್ನಿರಿ ತಾತ. ಈಗ ಕರೀರಿ."

"ಕುಳ್ಳಾ, ಬಾ."

ಕುಳ್ಳ ಆ ಬೆನ್ನನ್ನು ನೋಡಿದ. ತನ್ನ ಗುಡ್ಡೆಯನ್ನು ನೋಡಿದ. ಮತ್ತೆ ಬೆನ್ನನ್ನು ನೋಡಿದ. ಕೊನೆಗೆ ಹೊಟ್ಟೆ ತಗ್ಗಿಸಿಕೊಂಡು, ಕಳ್ಳಹೆಜ್ಜೆಯಲ್ಲಿ ಹೋಗಿ ಚೂರನ್ನು ಕಚ್ಚಿಕೊಂಡ. ತಾತ ಕೈ ಅಲ್ಲಾಡಿಸಲಿಲ್ಲ. ಅವನು ಬೆರಳುಗಳನ್ನು ನೆಕ್ಕುತ್ತ ಅಲ್ಲೇ ನಿಂತ. ಹಜಾರದಲ್ಲಿ ಕಾಗದದ ಸರಪರ ಕೂಡ ನಿಂತುಹೋಗಿತ್ತು. ಆ ದಿನ ನಾಲ್ಕರಲ್ಲಿ ಮೂರು ಗೆಲುವು. ಗುರುವಾರ ನಾಲ್ಕೂ. ಶುಕ್ರವಾರ ತಾತ ಮರದ ಕಡೆಗೇ ಮುಖ ಮಾಡಿ ಕೂತರೂ ಕುಳ್ಳ ಬಂದ.

ಶನಿವಾರ, ಜೂನ್ 30. ಮಾಲೀಕರು ಎಂಟು ಗಂಟೆಗೇ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಗಂಜಿ ಕುಡಿಸಿ ಕುಳ್ಳನನ್ನು ಕರೆತಂದೆವು. ಅವನು ಮರ ಸುತ್ತಿದ, ಇರುವೆ ನೋಡಿದ, ಕೂತು ಕಿವಿ ಕೆರೆದುಕೊಂಡ. ಮಾಡಬೇಕಾದದ್ದೊಂದನ್ನು ಮಾಡಲಿಲ್ಲ. ಎಂಟೂಕಾಲಾಯಿತು. ಎಂಟೂವರೆಯಾಯಿತು. ಮಾಲೀಕರು ಗಡಿಯಾರ ನೋಡಿದರು. ತಾತನ ತುಟಿ ಏನನ್ನೋ ಜಪಿಸುತ್ತಿತ್ತು. ನಾಯಿಯೊಂದು ಕಕ್ಕ ಮಾಡಲೆಂದು ಅಷ್ಟು ಜನ ಒಟ್ಟಿಗೆ ದೇವರನ್ನು ಬೇಡಿಕೊಂಡದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ನನಗೆ ಪೇಟೆಗೆ ಹೊತ್ತಾಯ್ತು" ಎಂದು ಮಾಲೀಕರು ಎದ್ದು ಮೆಟ್ಟಿಲಿಳಿದು ಬಂದರು. ಅವರ ಹೊಳೆಯುವ ಬೂಟಿನಿಂದ ಎರಡು ಗೇಣು ದೂರದಲ್ಲಿ ಕುಳ್ಳ ಕೂತ. ಮಾಲೀಕರು ಹೌಹಾರಿ ಬಾಯಿ ತೆರೆದರು.

"ಬಾಯ್ ಮುಚ್ಚಿ ಸಾಹುಕಾರ್ರೇ!" ಎಂದಿತು ಹಜಾರದಿಂದ ಒಂದು ದನಿ. ಮರುಕ್ಷಣವೇ ಮೇಸ್ತ್ರಿಯಕ್ಕ ನಾಲಿಗೆ ಕಚ್ಚಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು, ಪಕ್ಕದವಳ ಹಿಂದೆ ಮರೆಯಾದರು.

ಮಾಲೀಕರ ಬಾಯಿ ತಾನಾಗಿ ಮುಚ್ಚಿತು. ಕುಳ್ಳ ನಿಧಾನವಾಗಿ ಮುಗಿಸಿ ಎದ್ದ. ತಿರುಗಿ ಮೂಸಿದ. ದೂರದಲ್ಲಿ ಧೂಳಿನಲ್ಲಿ ಕೂತಿದ್ದ ತಾತ ಕರೆದರು. ಆ ದನಿ ಮೆತ್ತಗಿತ್ತು. ಕುಳ್ಳ ತಲೆ ಎತ್ತಿದ, ಬಾಲ ಎತ್ತಿದ, ನೇರ ಓಡಿಹೋಗಿ ತಾತನ ಮಡಿಲಿಗೆ ಬಿದ್ದ.

ಮಾಲೀಕರು ಸ್ವಲ್ಪ ಹೊತ್ತು ನೆಲದ ಮೇಲಿದ್ದುದನ್ನು, ಸ್ವಲ್ಪ ಹೊತ್ತು ತಾತನನ್ನು ನೋಡಿದರು.

"ತಾತ, ಇದನ್ನ ಯಾರು ಎತ್ತೋದು?"

"ನಾನೇ ಎತ್ತೋದು ಸಾಹುಕಾರ್ರೇ."

"ಹಾಗಾದ್ರೆ ಇನ್ನು ಮುಂದೂ ನೀನೇ ಎತ್ತು. ದಿನಾ" ಎಂದು ಹೇಳಿ, ಬೂಟಿಗೆ ಏನೂ ತಾಗದಂತೆ ಸುತ್ತಿ ನಡೆದು ಪೇಟೆಗೆ ಹೋದರು. ತಾತ ಎದ್ದು ಬೂದಿ ತರಲು ಹೊರಟವರು, ಮರಿಯನ್ನು ಕೆಳಗಿಳಿಸುವುದನ್ನು ಮರೆತು, ಅದನ್ನು ಎತ್ತಿಕೊಂಡೇ ಬೂದಿ ತಂದರು.

ಇದನ್ನು ಬರೆಯುವ ಹೊತ್ತಿಗೆ ನಾಲ್ಕು ತಿಂಗಳಾಗಿದೆ. ಕುಳ್ಳ ಮತ್ತೆ ತನ್ನದನ್ನು ಮುಟ್ಟಿಲ್ಲ. ಹುಳದ ಔಷಧಿ, ಹೊಟ್ಟೆತುಂಬ ಊಟ, ನಮ್ಮ ಮೌನ, ಈ ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ನಾನು ಹೇಳಲಾರೆ. ಮೂರೂ ಹತ್ತಿರ ಹತ್ತಿರದಲ್ಲೇ ಬಂದವು. ಬೇರೆ ಬೇರೆಯಾಗಿ ಮಾಡಿ ನೋಡುವಷ್ಟು ಸಮಯ ನಮಗಿರಲಿಲ್ಲ. ಒಂದು ಹೊಸ ತೊಂದರೆ ಮಾತ್ರ ಇದೆ. ಈಗ ಅವನನ್ನು ರಸ್ತೆಗೆ ಕರೆದೊಯ್ದರೆ ಜಟಕಾ ಕುದುರೆಗಳ ಲದ್ದಿಯನ್ನು ಕಂಡಲ್ಲೆಲ್ಲ ಬಾಯಿ ಹಾಕುತ್ತಾನೆ. ಇಲ್ಲಿ ನಮ್ಮ ಉಪಾಯ ನಡೆಯುತ್ತಿಲ್ಲ: ತಾತ ಬೆನ್ನು ಹಾಕಿ ಕೂತು ಕರೆದರೆ, ಕುಳ್ಳ ಬರುತ್ತಾನೆ, ಬಾಯಿತುಂಬ ಲದ್ದಿ ಕಚ್ಚಿಕೊಂಡೇ ಬಂದು ತಾತನ ಕೈಗೆ ಕೊಡುತ್ತಾನೆ. ಕುದುರೆಯನ್ನೂ ನಾಯಿಯನ್ನೂ ಒಟ್ಟಿಗೆ ಸಾಕಿ ಅನುಭವವಿರುವ ಓದುಗರು ಯಾರಾದರೂ ಇದ್ದರೆ, ಇದನ್ನು ಬಿಡಿಸುವ ದಾರಿಯನ್ನು ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕು. ತಾತನಿಗೆ ನಾನು ಓದಿ ಹೇಳುತ್ತೇನೆ.